ಸಾವಿತ್ರಿಯ ಮಾತು ನುಂಗಿದವರು

ನಚಿಕೇತ ಯಮನ ಮನೆಗೆ ಹೋಗಿ ಪ್ರಶ್ನೆ ಕೇಳಿದ. ಅದು ಉಪನಿಷತ್ತಾಯಿತು. ಸಾವಿತ್ರಿ ಯಮನ ಬೆನ್ನು ಹತ್ತಿ ದಾರಿಯುದ್ದಕ್ಕೂ ಮಾತಾಡಿ, ಸತ್ತವನನ್ನು ಎಬ್ಬಿಸಿ ಮನೆಗೆ ಕರೆತಂದಳು. ಅದು ಹೆಂಗಸರ ವ್ರತವಾಯಿತು. ಇಬ್ಬರೂ ಮಾತಾಡಿದ್ದು ಒಬ್ಬನೇ ದೇವತೆಯ ಜೊತೆ, ಒಂದೇ ವಿಷಯದ ಬಗ್ಗೆ. ಹುಡುಗನ ಮಾತಿಗೆ ಶಂಕರರ ಭಾಷ್ಯವಿದೆ, ಮಧ್ವರ ಭಾಷ್ಯವಿದೆ, ಇವತ್ತಿಗೂ ಕಾಲೇಜುಗಳಲ್ಲಿ ಪಾಠ ನಡೆಯುತ್ತದೆ. ಸಾವಿತ್ರಿ ಏನು ಹೇಳಿದಳು ಎಂದು ಕೇಳಿ ನೋಡಿ, ಪ್ರವಚನ ಮಾಡುವವರೂ ತಲೆ ಕೆರೆದುಕೊಳ್ಳುತ್ತಾರೆ.

ಚಾಲ್ತಿಯಲ್ಲಿರುವ ಅಭಿಪ್ರಾಯ ಇಷ್ಟು: ನಮ್ಮ ಪುರಾಣ-ಇತಿಹಾಸಗಳಲ್ಲಿ ಸಾವನ್ನು ಕುರಿತು ಯೋಚಿಸುವವರು ಗಂಡಸರು, ಅಳುವವರು ಹೆಂಗಸರು. ಸಾವಿನ ಅರ್ಥವೇನು, ಅದರ ಎದುರು ಬದುಕಿಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳೆಲ್ಲ ನಚಿಕೇತ, ಅರ್ಜುನ, ಯುಧಿಷ್ಠಿರರ ಪಾಲಿಗೆ. ಹೆಂಗಸರ ಪಾಲಿಗೆ ನಿಷ್ಠೆ, ಕಣ್ಣೀರು, ಶಾಪ, ಕೊನೆಗೆ ಚಿತೆ. ಈ ಮಾತನ್ನು ಸಂಪ್ರದಾಯದವರು ಹೊಗಳಿಕೆಯ ದನಿಯಲ್ಲಿ ಹೇಳುತ್ತಾರೆ, ಪ್ರಗತಿಪರರು ಬೈಗುಳದ ದನಿಯಲ್ಲಿ ಹೇಳುತ್ತಾರೆ. ಒಬ್ಬರಿಗೆ ಸಾವಿತ್ರಿ ಪಾತಿವ್ರತ್ಯದ ಬಲದಿಂದ ಯಮನನ್ನೇ ಮಣಿಸಿದ ಮಹಾಸತಿ. ಇನ್ನೊಬ್ಬರಿಗೆ ಗಂಡನ ಪ್ರಾಣಕ್ಕಾಗಿ ಗೋಗರೆದ, ಪಿತೃಪ್ರಧಾನ ವ್ಯವಸ್ಥೆ ಕಡೆದಿಟ್ಟ ಗೊಂಬೆ. ಬೇರೆ ಯಾವುದಕ್ಕೂ ಒಂದೇ ಚಾಪೆಯ ಮೇಲೆ ಕೂರದ ಈ ಎರಡು ಪಂಗಡಗಳು ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಿವೆ: ಆಕೆಯ ತಲೆಯಲ್ಲಿ ಏನೂ ಇರಲಿಲ್ಲ, ಇದ್ದದ್ದೆಲ್ಲ ಎದೆಯಲ್ಲಿ. ನನ್ನ ತಕರಾರು ಈ ರಾಜಿಯ ಮೇಲೆ.

ಕಾರಹುಣ್ಣಿಮೆಯ ದಿನ ಉತ್ತರ ಕರ್ನಾಟಕದ ಊರುಗಳಲ್ಲಿ ಹೆಂಗಸರು ಆಲದ ಮರಕ್ಕೆ ದಾರ ಸುತ್ತುತ್ತಾರೆ, ಒಬ್ಬರಿಗೊಬ್ಬರು ಉಡಿ ತುಂಬುತ್ತಾರೆ. ಗುಡಿಯ ಕಟ್ಟೆಯ ಮೇಲೆ ಆ ಸಂಜೆ ನಡೆಯುವ ಕಥಾಶ್ರವಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಸಾವಿತ್ರಿಯ ಅಪ್ಪ ಅಶ್ವಪತಿಯ ತಪಸ್ಸು ವಿಸ್ತಾರವಾಗಿ ಬರುತ್ತದೆ, ರಾಜಕುಮಾರಿಯ ಚೆಲುವು ಇನ್ನೂ ವಿಸ್ತಾರವಾಗಿ. ಯಮ ಕೋಣದ ಮೇಲೆ ಕೂತು ಅಬ್ಬರಿಸುತ್ತಾನೆ, ಮೈಕಿನಲ್ಲಿ ಗುಡುಗು ಬರುತ್ತದೆ. ಆಮೇಲೆ ಸಾವಿತ್ರಿ 'ಜಾಣತನದಿಂದ' ನೂರು ಮಕ್ಕಳನ್ನು ಕೇಳುತ್ತಾಳೆ, ಯಮ ಪೆಚ್ಚಾಗುತ್ತಾನೆ, ಮಂಗಳಾರತಿ. ಯಮನ ಹಿಂದೆ ಅಷ್ಟು ದೂರ ನಡೆದ ಹೆಂಗಸು ದಾರಿಯಲ್ಲಿ ಏನು ಮಾತಾಡಿದಳು ಎಂಬುದು ಗುಡುಗಿನಲ್ಲಿ ಮುಳುಗಿಹೋಗಿರುತ್ತದೆ.

ಮಹಾಭಾರತದ ವನಪರ್ವವನ್ನೇ ತೆರೆದು ನೋಡೋಣ. ಅಲ್ಲಿ ಆಲದ ಮರ ಇಲ್ಲ, ಅದು ಮುಂದೆ ವ್ರತದ ಜೊತೆ ಬಂದು ಸೇರಿಕೊಂಡದ್ದು. ಕೋಣದ ಅಬ್ಬರವೂ ಇಲ್ಲ. ಇರುವುದು ಮದ್ರದೇಶದ ರಾಜನ ಮಗಳು. ಆಕೆಯ ತೇಜಸ್ಸಿಗೆ ಹೆದರಿ ಯಾರೂ ಹೆಣ್ಣು ಕೇಳಲು ಬರಲಿಲ್ಲ. ಅಪ್ಪ ಕೈಚೆಲ್ಲಿ, ನೀನೇ ಹುಡುಕಿಕೋ ಎಂದು ರಥ ಕೊಟ್ಟು ಕಳಿಸಿದ. ಆಕೆ ಊರೂರು, ತಪೋವನಗಳನ್ನು ಸುತ್ತಿ, ರಾಜ್ಯವನ್ನೂ ಕಣ್ಣನ್ನೂ ಕಳಕೊಂಡು ಕಾಡು ಸೇರಿದ್ದ ದ್ಯುಮತ್ಸೇನನ ಮಗ ಸತ್ಯವಂತನನ್ನು ಆರಿಸಿಕೊಂಡು ಬಂದಳು. ಬರುವ ಹೊತ್ತಿಗೆ ನಾರದ ಅಪ್ಪನ ಹತ್ತಿರ ಕೂತಿದ್ದ. ಹುಡುಗ ಎಲ್ಲದರಲ್ಲೂ ಒಳ್ಳೆಯವನು, ಆದರೆ ಇವತ್ತಿಗೆ ಒಂದು ವರ್ಷಕ್ಕೆ ಸಾಯುತ್ತಾನೆ ಎಂದ. ಅಪ್ಪ ಬೇರೆ ಗಂಡು ನೋಡು ಎಂದ. ಮಗಳು ಒಪ್ಪಲಿಲ್ಲ.

ಇಲ್ಲಿಂದ ಮುಂದಿನ ಒಂದು ವರ್ಷವನ್ನು ಕಥೆ ಹೇಳುವವರು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಕಥೆಯ ತಿರುಳಿರುವುದೇ ಅಲ್ಲಿ. ಸಾಯುವ ದಿನ ಗೊತ್ತಿರುವುದು ಆ ಮನೆಯಲ್ಲಿ ಅವಳೊಬ್ಬಳಿಗೆ. ಗಂಡನಿಗೆ ಗೊತ್ತಿಲ್ಲ, ಕುರುಡ ಮಾವನಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ. ಒಡವೆ ಕಳಚಿಟ್ಟು, ನಾರುಬಟ್ಟೆ ಉಟ್ಟು, ಎಲ್ಲರ ಸೇವೆ ಮಾಡಿಕೊಂಡು, ಒಳಗೊಳಗೇ ದಿನ ಎಣಿಸುತ್ತ ಬದುಕುತ್ತಾಳೆ. ಕೊನೆಗೆ ನಾಲ್ಕನೆಯ ದಿನ ಅವನ ಸಾವು ಎನ್ನುವಾಗ ಮೂರು ರಾತ್ರಿ ಉಪವಾಸ ನಿಲ್ಲುತ್ತಾಳೆ. ಆ ಬೆಳಿಗ್ಗೆ ಆಶ್ರಮದ ಹಿರಿಯರೆಲ್ಲ ಮುತ್ತೈದೆಯಾಗಿ ಬಾಳು ಎಂದು ಹರಸುತ್ತಾರೆ. ಕಾಡಿಗೆ ನಾನೂ ಹೋಗುತ್ತೇನೆ ಎಂದು ಮಾವನ ಅಪ್ಪಣೆ ಬೇಡುತ್ತಾಳೆ. ಆಗ ಮುದುಕ ಹೇಳುವ ಮಾತನ್ನು ಗಮನಿಸಬೇಕು: ಈ ಹುಡುಗಿ ಸೊಸೆಯಾಗಿ ಬಂದಾಗಿನಿಂದ ಏನನ್ನಾದರೂ ಕೇಳಿದ್ದು ತನಗೆ ನೆನಪಿಲ್ಲ, ಇದೊಂದು ನಡೆಯಲಿ ಎನ್ನುತ್ತಾನೆ. ಗಂಡ ದಾರಿಯಲ್ಲಿ ಹೊಳೆ ತೋರಿಸುತ್ತಾನೆ, ಹೂಬಿಟ್ಟ ಬೆಟ್ಟ ತೋರಿಸುತ್ತಾನೆ. ಅವಳು ಹೃದಯವನ್ನು ಎರಡು ಮಾಡಿಕೊಂಡವಳಂತೆ ಒಂದರಿಂದ ಅವನ ಮಾತಿಗೆ ಉತ್ತರ ಕೊಡುತ್ತ, ಇನ್ನೊಂದರಿಂದ ಆ ಗಳಿಗೆಯನ್ನು ಕಾಯುತ್ತ ನಡೆಯುತ್ತಾಳೆ ಎಂದು ವ್ಯಾಸ ಬರೆಯುತ್ತಾನೆ.

ಡಾಕ್ಟರು ಇನ್ನು ಆರೇ ತಿಂಗಳು ಎಂದ ಮನೆಯಲ್ಲಿ, ರೋಗಿಗೆ ಹೇಳದೆ, ಗಂಜಿ ಕಾಯಿಸಿಕೊಟ್ಟು ನಗುತ್ತ ಮಾತಾಡಿದವರಿಗೆ ಈ ಎರಡು ಹೃದಯ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಚಿಕೇತನಿಗೆ ಸಾವು ಒಂದು ಪ್ರಶ್ನೆ. ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಕಾದು ಕೇಳಿದ ಪ್ರಶ್ನೆ. ಸಾವಿತ್ರಿಗೆ ಸಾವು ವರ್ಷವಿಡೀ ಅದೇ ಸೂರಿನಡಿ ಉಂಡು ಮಲಗಿ ಏಳುತ್ತಿದ್ದ ಮನುಷ್ಯ. ಸತ್ತ ಮೇಲೆ ಏನು ಎಂಬುದು ದೊಡ್ಡ ಪ್ರಶ್ನೆಯೇ, ಒಪ್ಪೋಣ. ಸಾಯುವುದು ಗೊತ್ತಿದ್ದೂ ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಎಂಬುದು ಅದಕ್ಕಿಂತ ಸಣ್ಣದು ಎಂದವರು ಯಾರು?

ಇನ್ನು ಯಮನ ಜೊತೆಗಿನ ಮಾತು. ಕ್ಯಾಲೆಂಡರ್ ಚಿತ್ರಗಳಲ್ಲಿ ಆಕೆ ಮಂಡಿಯೂರಿ ಕೈಮುಗಿದಿರುತ್ತಾಳೆ. ಮಹಾಭಾರತದಲ್ಲಿ ನಡೆಯುತ್ತಿರುತ್ತಾಳೆ. ಯಮ ಸತ್ಯವಂತನ ಹೆಬ್ಬೆರಳಷ್ಟು ಜೀವವನ್ನು ಪಾಶದಲ್ಲಿ ಕಟ್ಟಿ ದಕ್ಷಿಣಕ್ಕೆ ಹೊರಟಾಗ ಆಕೆ ಅಳುವುದಿಲ್ಲ, ಕಾಲು ಹಿಡಿಯುವುದಿಲ್ಲ. ಏಳು ಹೆಜ್ಜೆ ಜೊತೆಗೆ ನಡೆದವರು ಸ್ನೇಹಿತರು ಎನ್ನುತ್ತಾರೆ ಬಲ್ಲವರು, ಆ ಸ್ನೇಹದ ಸಲುಗೆಯಿಂದ ಒಂದು ಮಾತು ಹೇಳುತ್ತೇನೆ, ಎಂದು ಶುರುಮಾಡುತ್ತಾಳೆ. ಸಾವಿನ ದೇವತೆಯ ಜೊತೆ ಸರಿಸಮನಾಗಿ ನಿಂತು ಮಾತಿಗೆ ಇಳಿಯುವುದೆಂದರೆ ಇದು. ಬೇಡುವವಳ ಭಾಷೆ ಇದಲ್ಲ.

ಆಮೇಲೆ ವಾದ ಒಂದೊಂದೇ ಹೆಜ್ಜೆ ಏರುತ್ತದೆ. ಮೊದಲು ಧರ್ಮ: ಬಲ್ಲವರು ಎಲ್ಲಕ್ಕಿಂತ ಮೇಲಿಡುವುದು ಅದನ್ನೇ. ಎರಡನೆಯದು ಸಜ್ಜನರ ಸಹವಾಸ: ಒಂದು ಸಲದ ಭೇಟಿಯೂ ವ್ಯರ್ಥವಾಗುವುದಿಲ್ಲ. ಮೂರನೆಯದಕ್ಕೆ ಬಂದಾಗ ಬಿಗಿ ಕಾಣುತ್ತದೆ. ನೀನು ಜೀವಿಗಳನ್ನು ಒಯ್ಯುವುದು ನಿಯಮದಿಂದ, ನಿನ್ನ ಇಷ್ಟದಿಂದಲ್ಲ ಎನ್ನುತ್ತಾಳೆ. ಅಂದರೆ ಸಾವು ಅನ್ಯಾಯ ಎಂದು ಆಕೆ ಜಗಳ ತೆಗೆಯುವುದೇ ಇಲ್ಲ, ಅದು ನ್ಯಾಯವೆಂದು ಮೊದಲೇ ಒಪ್ಪಿಬಿಡುತ್ತಾಳೆ. ಒಪ್ಪಿದ ಮರುಗಳಿಗೆಯೇ ಆ ನ್ಯಾಯದ ಒಳಗೆ ಏನೇನಿದೆ ಎಂದು ಬಿಚ್ಚುತ್ತಾಳೆ: ಯಾವ ಜೀವಿಗೂ ಮನಸ್ಸು, ಮಾತು, ಕೆಲಸದಿಂದ ಕೇಡು ಬಗೆಯದಿರುವುದು, ಅನುಗ್ರಹ, ದಾನ. ಲೋಕದ ಜನ ಸಾಮಾನ್ಯವಾಗಿ ಕೈಲಾಗದವರು. ಒಳ್ಳೆಯವರಾದರೋ ಎದುರಿಗೆ ಬಂದ ಹಗೆಯ ಮೇಲೂ ದಯೆ ತೋರುತ್ತಾರೆ. ನಾಲ್ಕನೆಯದರಲ್ಲಿ, ನೀನು ಧರ್ಮರಾಜ, ಮನುಷ್ಯ ತನ್ನ ಮೇಲೆ ಇಡುವುದಕ್ಕಿಂತ ಹೆಚ್ಚು ನಂಬಿಕೆಯನ್ನು ಸಜ್ಜನರ ಮೇಲೆ ಇಡುತ್ತಾನೆ ಎನ್ನುತ್ತಾಳೆ. ಕೊನೆಯದರಲ್ಲಿ ಇಡೀ ಲೋಕ ನಿಂತಿರುವುದೇ ಇಂಥವರ ಸತ್ಯದಿಂದ ಎನ್ನುತ್ತಾಳೆ. ಕರುಣೆಯಿಲ್ಲದ ನಿಯಮ ನಿಯಮವೇ ಅಲ್ಲ ಎಂಬಲ್ಲಿಗೆ ಯಮನನ್ನು ಅವನ ಕಾಲಿನಿಂದಲೇ ನಡೆಸಿಕೊಂಡು ಬಂದು ನಿಲ್ಲಿಸಿದ್ದಾಳೆ. ವಕೀಲಿಕೆ ಗೊತ್ತಿದ್ದವರಿಗೆ ಈ ಕ್ರಮದ ರುಚಿ ತಿಳಿಯುತ್ತದೆ.

ಯಮನಿಗೂ ತಿಳಿಯಿತು. ಬಾಯಾರಿದವನಿಗೆ ನೀರು ಸಿಕ್ಕಂತಾಯಿತು ಎನ್ನುತ್ತಾನೆ. ಅದಕ್ಕೂ ಮೊದಲು ಅವನು ಮೆಚ್ಚಿದ್ದೇನನ್ನು? ಸ್ವರ, ಅಕ್ಷರ, ವ್ಯಂಜನ, ಜೊತೆಗೆ ಯುಕ್ತಿ ಕೂಡಿದ ಅವಳ ಮಾತನ್ನು. ವರ ಕೊಡಲು ಅವನು ಹೇಳಿದ ಕಾರಣ ಅದು. ನಿಷ್ಠೆಗೆ ಮೆಚ್ಚಿದೆ ಎನ್ನಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ವಾದಕ್ಕೆ ಮೆಚ್ಚಿದೆ ಎಂದ. ಪರೀಕ್ಷಕನೇ ಅಂಕ ಕೊಟ್ಟು ಸಹಿ ಹಾಕಿದ್ದನ್ನು ಒರೆಸಿ ಬೇರೆ ವಿಷಯಕ್ಕೆ ಅಂಕ ಬರೆದುಕೊಂಡವರು ನಾವು.

ಆ 'ಜಾಣತನ'ದ ಮಾತಿಗೂ ಬರೋಣ. ಯಮನನ್ನು ಏಮಾರಿಸಿದಳು ಎಂಬ ಕಥೆ ಎಲ್ಲರಿಗೂ ಇಷ್ಟ, ಮಕ್ಕಳ ಪುಸ್ತಕಗಳಲ್ಲಂತೂ ಅದೇ ಮುಖ್ಯ. ಮೂಲದಲ್ಲಿ ನಡೆದದ್ದು ಬೇರೆ. ಮೊದಲ ವರಗಳನ್ನು ಕೊಡುವಾಗೆಲ್ಲ ಯಮ ಒಂದು ಷರತ್ತು ಹಾಕುತ್ತಾನೆ: ಇವನ ಪ್ರಾಣವೊಂದನ್ನು ಬಿಟ್ಟು. ಕೊನೆಯ ಸಲ, ಅವಳ ಕೊನೆಯ ಮಾತು ಕೇಳಿದ ಮೇಲೆ, ಆ ಷರತ್ತು ಅವನ ಬಾಯಿಂದ ಬರುವುದಿಲ್ಲ. ಸಾವಿತ್ರಿ ಅದನ್ನು ಮುಚ್ಚಿಟ್ಟು ಲಾಭ ಮಾಡಿಕೊಳ್ಳುವುದೂ ಇಲ್ಲ, ಬಾಯಿಬಿಟ್ಟು ಹೇಳುತ್ತಾಳೆ: ಹಿಂದಿನ ವರಗಳಲ್ಲಿ ಇದ್ದ ವಿನಾಯಿತಿ ಈ ವರದಲ್ಲಿ ಇಲ್ಲ, ಆದ್ದರಿಂದ ಸತ್ಯವಂತ ಬದುಕಲಿ. ಮಕ್ಕಳ ವರ ಕೊಟ್ಟು ಗಂಡನನ್ನು ಒಯ್ದರೆ ನಿನ್ನ ಮಾತೇ ಸುಳ್ಳಾಗುತ್ತದೆ ಎಂದೂ ಸೇರಿಸುತ್ತಾಳೆ. ಯಮ ಸಂತೋಷದಿಂದ ಪಾಶ ಬಿಚ್ಚುತ್ತಾನೆ, ನಾನೂರು ವರ್ಷ ಜೊತೆಯಾಗಿ ಬಾಳಿ ಎನ್ನುತ್ತಾನೆ. ಮೋಸ ಹೋದವನು ಹೀಗೆ ಹೊರಡುವುದಿಲ್ಲ. ಹೆಂಗಸು ಗೆದ್ದರೆ ಒಂದೋ ಶೀಲದಿಂದ, ಇಲ್ಲವೇ ಕಿಲಾಡಿತನದಿಂದ ಎಂಬುದು ನಮ್ಮ ಹಳೇ ಚಾಳಿ. ಬುದ್ಧಿಯಿಂದ ಗೆದ್ದಳು ಎನ್ನಲು ನಾಲಿಗೆ ಹೊರಳುವುದಿಲ್ಲ.

ಆಕೆ ಕೇಳಿದ ವರಗಳ ಸಾಲನ್ನಾದರೂ ನೋಡಿ. ಮೊದಲನೆಯದು ಮಾವನ ಕಣ್ಣು. ಎರಡನೆಯದು ಅವನ ರಾಜ್ಯ. ಮೂರನೆಯದು ಗಂಡುಮಕ್ಕಳಿಲ್ಲದ ತನ್ನ ಅಪ್ಪನಿಗೆ ನೂರು ಮಕ್ಕಳು. ಸತ್ತವನಿಗಿಂತ ಮೊದಲು, ಸತ್ತವನ ಹಿಂದೆ ಉಳಿಯುವವರ ಲೆಕ್ಕ.

ಇಲ್ಲಿ ಎದುರು ಪಕ್ಷದವರು ಏಳುತ್ತಾರೆ. ಈ ಉಪಾಖ್ಯಾನದ ಹೆಸರೇ ಪತಿವ್ರತಾಮಾಹಾತ್ಮ್ಯ ಅಲ್ಲವೇ, ನೀನು ಪತಿವ್ರತೆ ಎಂದು ಯಮನೇ ಕರೆದಿದ್ದಾನಲ್ಲ ಎಂದು. ಹೌದು, ಕರೆದಿದ್ದಾನೆ. ನೀನು ಪತಿವ್ರತೆ, ತಪಸ್ವಿನಿಯೂ ಹೌದು, ಅದಕ್ಕೇ ನಿನ್ನ ಜೊತೆ ಮಾತಾಡುತ್ತಿದ್ದೇನೆ ಎನ್ನುತ್ತಾನೆ. ಪಾತಿವ್ರತ್ಯ ಆಕೆಗೆ ಗಳಿಸಿಕೊಟ್ಟದ್ದು ಯಮನ ದರ್ಶನ, ಅವನೊಡನೆ ಮಾತಾಡುವ ಅರ್ಹತೆ. ಬಾಗಿಲು ತೆರೆದದ್ದೇ ಗೆಲುವಾಗಿದ್ದರೆ ಮುಂದಿನ ಮಾತುಗಳೆಲ್ಲ ಯಾಕೆ ಬೇಕಿತ್ತು? ಯಮ ಮೊದಲು ಹೇಳಿದ್ದು ಹಿಂದಿರುಗು, ಇವನ ಉತ್ತರಕ್ರಿಯೆ ಮಾಡು ಎಂದೇ. ಗಂಡನ ಋಣ ತೀರಿಸಿದ್ದೀಯ, ಬರಬಹುದಾದಷ್ಟು ದೂರ ಬಂದಿದ್ದೀಯ ಎಂದೂ ಹೇಳಿದ. ಪಾತಿವ್ರತ್ಯದ ಲೆಕ್ಕ ಅಲ್ಲಿಗೆ ಚುಕ್ತಾ. ಮುಂದಿನ ಪ್ರತಿಯೊಂದು ಹೆಜ್ಜೆಯೂ ಮಾತಿನ ಸಂಪಾದನೆ.

ಪ್ರಗತಿಪರರ ಆಕ್ಷೇಪ ಇನ್ನೊಂದು ಬಗೆಯದು. ಏನೇ ಹೇಳಿ, ಇಡೀ ಕಥೆ ಗಂಡನ ಸುತ್ತಲೇ ತಿರುಗುತ್ತದೆ, ನಚಿಕೇತನಾದರೋ ಶುದ್ಧ ಜ್ಞಾನಕ್ಕಾಗಿ ಹೋದವನು ಎನ್ನುತ್ತಾರೆ. ನಚಿಕೇತ ಹೋದದ್ದು ಯಾಕೆ? ಮುದಿಹಸುಗಳನ್ನು ದಾನ ಕೊಡುತ್ತಿದ್ದ ಅಪ್ಪ ಸಿಟ್ಟಿನಲ್ಲಿ ನಿನ್ನನ್ನು ಮೃತ್ಯುವಿಗೆ ಕೊಟ್ಟೆ ಎಂದದ್ದಕ್ಕೆ. ಕೇಳಿದ ಮೊದಲ ವರ ಯಾವುದು? ಅಪ್ಪನ ಸಿಟ್ಟು ಇಳಿಯಲಿ ಎಂಬುದು. ಹಾಗೆಂದು ಕಠೋಪನಿಷತ್ತನ್ನು ಯಾರಾದರೂ ಪಿತೃಭಕ್ತಿಮಾಹಾತ್ಮ್ಯ ಎಂದು ಕರೆದಿದ್ದಾರೆಯೇ? ಮಗನ ವಿಧೇಯತೆಯಿಂದ ಹೊರಟ ಕಥೆ ತತ್ತ್ವಕ್ಕೆ ತಲುಪಬಹುದು, ಹೆಂಡತಿಯ ಪ್ರೀತಿಯಿಂದ ಹೊರಟದ್ದು ತಲುಪಬಾರದು. ಇದು ಯಾವ ಸೀಮೆಯ ನ್ಯಾಯ?

ಉಪನಿಷತ್ತಿನ ಇನ್ನೊಂದು ಭಾಗ ನಮ್ಮ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ. ಸಾವಿನ ಗುಟ್ಟು ಕೇಳಬೇಡ ಎಂದು ಯಮ ಹುಡುಗನಿಗೆ ಆಸೆ ತೋರಿಸುತ್ತಾನೆ: ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ದನಕರು, ಆನೆ, ಚಿನ್ನ, ಕುದುರೆ, ಭೂಮಿ. ಪಟ್ಟಿಯ ಕೊನೆಗೆ ರಥ ಮತ್ತು ವಾದ್ಯಗಳ ಸಮೇತ ಹೆಂಗಸರು. ಇವರನ್ನು ತಗೋ, ಇವರಿಂದ ಸೇವೆ ಮಾಡಿಸಿಕೋ, ಸಾವಿನ ವಿಷಯ ಮಾತ್ರ ಬಿಡು. ಹುಡುಗ ಎಲ್ಲವನ್ನೂ ತಳ್ಳಿಹಾಕುತ್ತಾನೆ, ನಾವು ಭಲೇ ಎನ್ನುತ್ತೇವೆ. ಅವನ ವೈರಾಗ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ತಳ್ಳಿಹಾಕುವ ಸಾಮಾನುಗಳ ಪಟ್ಟಿಯಲ್ಲೇ ಹೆಸರಿರುವವಳು ಅದೇ ಬಗೆಯ ವೈರಾಗ್ಯವನ್ನು ತೋರುವುದು ಹೇಗೆ? ಅವಳು ಸಾವಿನ ಜೊತೆ ಬೇರೆ ದಾರಿಯಲ್ಲೇ ಮಾತಾಡಬೇಕು. ಮಾತಾಡಿದಳು.

ವನಪರ್ವದಲ್ಲೇ ಇನ್ನು ಕೆಲವು ಪುಟ ಮುಂದೆ ಹೋದರೆ ಯಕ್ಷಪ್ರಶ್ನೆ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ. ಯುಧಿಷ್ಠಿರ ಉತ್ತರ ಹೇಳುತ್ತ ಹೇಳುತ್ತ ಅವರನ್ನು ಬದುಕಿಸಿಕೊಳ್ಳುತ್ತಾನೆ. ಎದುರಿಗಿರುವವನು ಯಕ್ಷನ ವೇಷದ ಧರ್ಮ. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ, ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಇರಲಿ ಎಂದು ನಕುಲನನ್ನು ಕೇಳುತ್ತಾನೆ. ತನ್ನವರಿಗಿಂತ ಮೊದಲು ಇನ್ನೊಬ್ಬರ ನಷ್ಟ ನೆನೆದದ್ದಕ್ಕೆ ಎಲ್ಲರೂ ಎದ್ದು ಕೂರುತ್ತಾರೆ. ಇದು ಸಾವಿತ್ರಿ ಮಾಡಿದ್ದೇ ಅಲ್ಲವೇ? ಧರ್ಮದೇವತೆಯ ಜೊತೆ ಸಂವಾದ, ಉತ್ತರಕ್ಕೆ ಮೆಚ್ಚುಗೆ, ಬೇರೆಯವರಿಗಾಗಿ ಮೊದಲ ವರ, ಸತ್ತವರು ಜೀವಂತ. ಮಾರ್ಕಂಡೇಯ ಸಾವಿತ್ರಿಯ ಕಥೆ ಹೇಳಿದ್ದು ಈ ಯುಧಿಷ್ಠಿರನಿಗೇ, ನಡುವೆ ಇರುವುದು ಕರ್ಣನ ಕುಂಡಲದ ಪ್ರಸಂಗ. ಪಾಠ ಹೇಳಿಕೊಟ್ಟವಳು ಅವಳು, ಪರೀಕ್ಷೆ ಬರೆದವನು ಇವನು ಎಂಬುದು ನನ್ನ ಓದು. ಒಪ್ಪದವರು ಎರಡನ್ನೂ ಅಕ್ಕಪಕ್ಕ ಇಟ್ಟು ಓದಲಿ. ಯಕ್ಷಪ್ರಶ್ನೆ ಮಾತ್ರ ಬಿಡಿಯಾಗಿ ಅಚ್ಚಾಗುತ್ತದೆ, ಯುವಕರಿಗೆ ಶಿಬಿರಗಳಲ್ಲಿ ಕೊಡುತ್ತಾರೆ. ಯುಧಿಷ್ಠಿರ ಭ್ರಾತೃನಿಷ್ಠೆಯ ಬಲದಿಂದ ಗೆದ್ದ ಎಂದು ಯಾರೂ ಹೇಳುವುದಿಲ್ಲ.

ಮಾದ್ರಿಯ ಹೆಸರು ಬಂತು. ಆಕೆಯೂ ಮದ್ರದೇಶದ ಮಗಳೇ, ಪಾಂಡುವಿನ ಚಿತೆ ಏರಿದಳು. ಸಾವಿತ್ರಿ ಏರಲಿಲ್ಲ. ಆದರೂ ನಮ್ಮ ಬಾಯಲ್ಲಿ ಅವಳು 'ಸತಿ ಸಾವಿತ್ರಿ'. ಕರ್ನಾಟಕದ ಊರ ಹೊರಗಿನ ಮಾಸ್ತಿಕಲ್ಲುಗಳನ್ನು ನೋಡಿದವರಿಗೆ ಗೊತ್ತು: ಮೊಣಕೈ ಮಡಿಸಿ ಎತ್ತಿದ ತೋಳು, ತುಂಬ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಕ್ರಿ.ಶ. 1057ರ ಬೇಲತೂರು ಶಾಸನದ ದೇಕಬ್ಬೆ ಹೆತ್ತವರು ಬೇಡವೆಂದರೂ ಕೇಳದೆ ಗಂಡನ ಹಿಂದೆ ಬೆಂಕಿಗೆ ಹೋದಳು. ಅವಳ ಸಂಕಟವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಆ ಕಲ್ಲಿನ ಸಾಲಿನಲ್ಲಿ ಸಾವಿತ್ರಿಯನ್ನು ನಿಲ್ಲಿಸುವುದು ಶುದ್ಧ ಸುಳ್ಳು. ಯಮ ಹೋದ ಮೇಲೆ ಆಕೆ ಹಣ್ಣಿನ ಬುಟ್ಟಿಯನ್ನು ಮರದ ಕೊಂಬೆಗೆ ತೂಗುಹಾಕಿ, ಗಂಡನ ಕೊಡಲಿಯನ್ನು ತಾನು ಹಿಡಿದು, ಅವನ ಎಡತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಕತ್ತಲಲ್ಲಿ ಮನೆಗೆ ನಡೆಸಿಕೊಂಡು ಬಂದಳು. ಕೊಡಲಿ ಹಿಡಿದ ಸಾವಿತ್ರಿಯ ಒಂದು ಚಿತ್ರವನ್ನೂ ನಾನು ಕಂಡಿಲ್ಲ. ಋಗ್ವೇದದ ಹತ್ತನೆಯ ಮಂಡಲದ ಅಂತ್ಯಕ್ರಿಯೆಯ ಸೂಕ್ತವೂ ಸತ್ತವನ ಪಕ್ಕ ಮಲಗಿದ ಹೆಂಗಸಿಗೆ ಹೇಳುವುದು, ಎದ್ದು ಬದುಕಿರುವವರ ಲೋಕಕ್ಕೆ ಬಾ ಎಂದೇ.

ಸಾವಿತ್ರಿ ಒಬ್ಬಳಿಗೇ ಆದ ಅನ್ಯಾಯ ಇದಲ್ಲ. ಉಪನಿಷತ್ತಿನ ವಿದ್ವಾಂಸರ ಸಭೆಯಲ್ಲಿ ಗಾರ್ಗಿಯ ಬಾಯನ್ನು ಯಾಜ್ಞವಲ್ಕ್ಯ ಮುಚ್ಚಿಸಿದ ಎಂಬಲ್ಲಿಗೆ ಕಥೆ ನಿಲ್ಲಿಸುವವರು, ಆಕೆ ಮತ್ತೆ ಎದ್ದು ಎರಡು ಬಾಣಗಳಂಥ ಪ್ರಶ್ನೆ ಹಾಕಿದ್ದನ್ನು, ಕೊನೆಗೆ ಇವನನ್ನು ಯಾರೂ ಗೆಲ್ಲಲಾರರು ಎಂದು ಆ ಸಭೆಗೆ ತೀರ್ಪು ಕೊಟ್ಟವಳೂ ಆಕೆಯೇ ಎಂಬುದನ್ನು ಹೇಳುವುದಿಲ್ಲ. ಬೌದ್ಧರ ಕಿಸಾಗೋತಮಿಯ ಪಾಡು ಇನ್ನೂ ಕೆಟ್ಟದ್ದು. ಸತ್ತ ಮಗುವನ್ನು ಬದುಕಿಸಲು ಸಾವಿಲ್ಲದ ಮನೆಯ ಸಾಸಿವೆ ತರಲು ಹೋದ ಹುಚ್ಚಿಯಾಗಿ ಆಕೆ ಶಾಲೆಯ ಪಾಠಕ್ಕೆ ಬರುತ್ತಾಳೆ. ಬುದ್ಧ ದೊಡ್ಡವನು, ತಾಯಿ ಪೆದ್ದಿ, ಪಾಠ ಮುಗಿಯಿತು. ಬರಿಗೈಯಲ್ಲಿ ಬಂದವಳು ಮುಂದೆ ಏನಾದಳು ಎಂದು ಮೇಷ್ಟರು ಹೇಳಲಿಲ್ಲ. ಭಿಕ್ಷುಣಿಯಾದಳು. ಒರಟು ಚೀವರ ಉಡುವವರಲ್ಲಿ ಮೊದಲಿಗಳು ಎಂದು ಬುದ್ಧನಿಂದಲೇ ಹೇಳಿಸಿಕೊಂಡಳು. ಥೇರೀಗಾಥೆಯಲ್ಲಿ ಅವಳ ಹೆಸರಿನ ಪದ್ಯಗಳಿವೆ. ಅವು ಸವತಿಯ ಕಾಟ, ಹೆರಿಗೆಯ ನೋವು, ತಾಳಲಾರದೆ ವಿಷ ಕುಡಿಯುವ ಹೆಂಗಸರನ್ನು ಹೆಸರಿಟ್ಟು ಹೇಳುತ್ತವೆ. ಗಂಡನನ್ನು, ಇಬ್ಬರು ಮಕ್ಕಳನ್ನು, ತಾಯ್ತಂದೆಯರನ್ನು, ಅಣ್ಣತಮ್ಮನನ್ನು ಒಟ್ಟೊಟ್ಟಿಗೆ ಕಳಕೊಂಡ ಪಟಾಚಾರೆಯ ಅರಿವು ಕಾಲು ತೊಳೆದ ನೀರು ಹರಿದು ಇಂಗುವುದನ್ನು ನೋಡುತ್ತ ಮೊದಲಾಗಿ, ರಾತ್ರಿ ಸೂಜಿಯಿಂದ ದೀಪದ ಬತ್ತಿ ಎಳೆದಾಗ ಪೂರ್ತಿಯಾಯಿತು. ಆಮೇಲೆ ಆಕೆಯೇ ಗುರು. ಮಕ್ಕಳನ್ನು ಕಳಕೊಂಡ ತಾಯಂದಿರು ಆಕೆಯ ಬಳಿ ಬರುತ್ತಿದ್ದರು. ಅವನು ಬಂದ ದಾರಿ ನಿನಗೆ ಗೊತ್ತಿರಲಿಲ್ಲ, ಹೋದ ದಾರಿಯೂ ಗೊತ್ತಿಲ್ಲ, ಮತ್ತೆ ಯಾವುದನ್ನು ಹಿಡಿದು ಅಳುತ್ತೀ ಎಂದು ಆಕೆ ಕೇಳಿದ್ದನ್ನು ಆ ತಾಯಂದಿರೇ ಪದ್ಯ ಕಟ್ಟಿದ್ದಾರೆ. ಅತ್ತವಳು ಕಥೆಗೆ ಬಂದಳು, ಕಲಿಸಿದವಳು ಬರಲಿಲ್ಲ.

ಗಾಂಧಾರಿಯ ವಿಷಯದಲ್ಲಿ ನಾವು ಇನ್ನೂ ನಿರ್ದಯಿಗಳು. ಪುತ್ರಶೋಕದಿಂದ ಕುರುಡಾಗಿ ಕೃಷ್ಣನಿಗೆ ಶಾಪ ಕೊಟ್ಟವಳು ಎಂದು ಎಲ್ಲರ ಬಾಯಲ್ಲೂ. ಆಕೆ ಆ ಹೊತ್ತು ಕುರುಡಾಗಿರಲಿಲ್ಲ ಎಂಬುದೇ ಸ್ತ್ರೀಪರ್ವದ ವಿಶೇಷ. ವ್ಯಾಸನ ವರದಿಂದ ದೂರದ ರಣರಂಗವೆಲ್ಲ ಅವಳಿಗೆ ಕಾಣುತ್ತದೆ. ಹೆಂಗಸರು ರುಂಡಕ್ಕೆ ಮುಂಡ ಹುಡುಕುತ್ತಿದ್ದಾರೆ. ಒಬ್ಬಳು ತಲೆಯೊಂದನ್ನು ತಂದು ಒಂದು ಮೈಗೆ ಜೋಡಿಸಿ ನೋಡುತ್ತಾಳೆ, ಇದು ಅವರದ್ದಲ್ಲ ಎಂದು ತಿಳಿದು ಮತ್ತೆ ಕುಸಿಯುತ್ತಾಳೆ. ಇದನ್ನೆಲ್ಲ ಒಂದೊಂದಾಗಿ ಕೃಷ್ಣನಿಗೆ ತೋರಿಸಿದ ಮೇಲೆ ಗಾಂಧಾರಿ ಆಪಾದನೆ ಹೊರಿಸುತ್ತಾಳೆ. ಅದರ ಭಾಷೆ ನೋಡಬೇಕು: ನಿನಗೆ ಶಕ್ತಿಯಿತ್ತು, ಜನಬಲವಿತ್ತು, ಎರಡೂ ಕಡೆಯವರು ನಿನ್ನ ಮಾತು ಕೇಳುತ್ತಿದ್ದರು, ಆದರೂ ಬೇಕೆಂದೇ ಈ ನಾಶವನ್ನು ಉಪೇಕ್ಷಿಸಿದೆ. ಶಾಪ ಬರುವುದು ಆಮೇಲೆ, ಮೂವತ್ತಾರನೆಯ ವರ್ಷ ನಿನ್ನ ಕುಲವೂ ಹೀಗೇ ಎಂದು. ಅಧಿಕಾರವಿದ್ದೂ ತಡೆಯದವನು ಹೊಣೆಗಾರ ಎಂಬ ತರ್ಕವನ್ನು ಇವತ್ತು ಯಾವ ನ್ಯಾಯಾಲಯವೂ ಒಪ್ಪುತ್ತದೆ. ನಾವು ಅದನ್ನು ಹೊಟ್ಟೆಯ ಸಂಕಟ ಎಂದು ಕರೆದು ಕಡತ ಮುಚ್ಚಿದ್ದೇವೆ.

ಯುದ್ಧ ಶುರುವಾಗುವ ಮೊದಲು, ಕೊಲ್ಲಲು ಹಿಂಜರಿದ ಒಬ್ಬ ಗಂಡಸಿಗೆ, ಸಾವು ಬಟ್ಟೆ ಬದಲಿಸಿದ ಹಾಗೆ ಎಂದು ಕೃಷ್ಣ ಹೇಳಿದ. ಯುದ್ಧ ಮುಗಿದ ಮೇಲೆ, ಆ ಕಳಚಿಟ್ಟ ಬಟ್ಟೆಗಳನ್ನು ಆರಿಸುತ್ತಿದ್ದ ಹೆಂಗಸರ ಪರವಾಗಿ ಗಾಂಧಾರಿ ಅದಕ್ಕೆ ಉತ್ತರ ಕೊಟ್ಟಳು. ಗೀತೆಗೆ ಮಹಾಭಾರತದೊಳಗೇ ಇರುವ ಉತ್ತರ ಸ್ತ್ರೀಪರ್ವ ಎಂದು ನಾನು ತಿಳಿದಿದ್ದೇನೆ. ಕೃಷ್ಣ ಆ ಶಾಪವನ್ನು ಅಲ್ಲಗಳೆಯಲಿಲ್ಲ. ನಸುನಕ್ಕು, ಗೊತ್ತಿದೆ, ಹಾಗೇ ಆಗುತ್ತದೆ ಎಂದ. ಆಮೇಲೆ ತಪ್ಪು ನಿನ್ನದೇ ಎಂದು ಗದರಿ, ನಿನ್ನಂಥ ರಾಜಪುತ್ರಿಯರು ಹೆರುವುದೇ ವಧೆಗಾಗಿ ಎಂಬ ಮಾತನ್ನೂ ಆಡಿದ. ಗಾಂ‌ಧಾರಿ ಸುಮ್ಮನಾದಳು. ಸತ್ತವರ ಮನೆಯಲ್ಲಿ ನಾವು ಗೀತೆ ಓದುತ್ತೇವೆ, ಗರುಡಪುರಾಣ ಓದಿಸುತ್ತೇವೆ. ಸ್ತ್ರೀಪರ್ವ ಓದಿಸಿದವರನ್ನು ನಾನು ಕೇಳಿಲ್ಲ.

ಇವತ್ತಿನ ಸ್ತ್ರೀವಾದವನ್ನು ಹಳೆಯ ಪುಸ್ತಕಗಳಿಗೆ ತುರುಕುತ್ತಿದ್ದೀರಿ ಎಂಬ ಮಾತು ಬಂದೇ ಬರುತ್ತದೆ. ಇರಲಿ. ಹಾಗಾದರೆ ಭೀಷ್ಮ ಶಾಂತಿಪರ್ವದಲ್ಲಿ ಹೇಳುವ ಒಂದು ಕಥೆಯನ್ನು ಯಾರು ತುರುಕಿದರು? ಅದು ಸಾವಿನ ಹುಟ್ಟಿನ ಕಥೆ. ಅಷ್ಟೊಂದು ಹೆಣ ನೋಡಿದ ಯುಧಿಷ್ಠಿರ, ಈ ಸಾವು ಎಂಬುದು ಯಾರದು, ಎಲ್ಲಿಂದ ಬಂತು ಎಂದು ಕೇಳುತ್ತಾನೆ. ಭೂಮಿಗೆ ಜನಭಾರ ಹೆಚ್ಚಾಗಿ, ಬ್ರಹ್ಮನಿಗೆ ಕೋಪ ಬಂದು, ಆ ಕೋಪವನ್ನು ಅಡಗಿಸುವಾಗ ಅವನ ಮೈಯಿಂದ ಒಬ್ಬ ಹೆಂಗಸು ಹೊರಬಂದಳು. ಕಪ್ಪು-ಕೆಂಪು ಉಡುಗೆ. ಮೃತ್ಯುವೇ ಎಂದು ಕರೆದು ಬ್ರಹ್ಮ ಅಪ್ಪಣೆ ಮಾಡಿದ: ದಡ್ಡ, ಜಾಣ ಎನ್ನದೆ ಎಲ್ಲರನ್ನೂ ಕೊಲ್ಲು.

ಅವಳು ಒಪ್ಪಲಿಲ್ಲ. ಅತ್ತಳು. ಆ ಕಣ್ಣೀರು ನೆಲಕ್ಕೆ ಬೀಳದಂತೆ ಬ್ರಹ್ಮ ಬೊಗಸೆಯಲ್ಲಿ ಹಿಡಿದ. ಅಳು ಇದೆ, ಬಚ್ಚಿಡುವುದಿಲ್ಲ. ಆದರೆ ಅಳುವಿನ ಜೊತೆ ಪ್ರಶ್ನೆಗಳೂ ಇವೆ. ತಪ್ಪು ಮಾಡದ ಎಳೆಯರನ್ನು, ಮುದುಕರನ್ನು ನಾನು ಹೇಗೆ ಒಯ್ಯಲಿ? ಪ್ರೀತಿಯ ಮಕ್ಕಳನ್ನು, ಗೆಳೆಯರನ್ನು, ಅಣ್ಣತಮ್ಮಂದಿರನ್ನು, ತಾಯ್ತಂದೆಯರನ್ನು ಕಿತ್ತುಕೊಂಡರೆ ಉಳಿದವರು ನನ್ನನ್ನು ಶಪಿಸುವುದಿಲ್ಲವೇ? ದೀನರ ಕಣ್ಣೀರು ನನ್ನನ್ನು ಎಂದೆಂದೂ ಸುಡುವುದಿಲ್ಲವೇ? ಇದು ಅಧರ್ಮವಲ್ಲವೇ? ಬ್ರಹ್ಮನ ಮುಂದೆ ಅಪ್ಪಣೆಗೆ ತಲೆಬಾಗದೆ ಹೊರಟುಹೋಗಿ, ಈ ಕೆಲಸ ತಪ್ಪಲಿ ಎಂದು ತೀರ್ಥದಿಂದ ತೀರ್ಥಕ್ಕೆ ಅಲೆದು, ಒಂಟಿಕಾಲಲ್ಲಿ ನಿಂತು, ಎಣಿಸಲಾಗದಷ್ಟು ವರ್ಷ ತಪಸ್ಸು ಮಾಡಿದಳು. ಸಾವು ಲೋಕಕ್ಕೆ ಕಾಲಿಡುವ ಮೊದಲೇ ಅದರ ನ್ಯಾಯ-ಅನ್ಯಾಯದ ವಿಚಾರಣೆ ನಡೆದಿತ್ತು, ನಡೆಸಿದವಳು ಸ್ವತಃ ಸಾವು, ಅವಳು ಹೆಂಗಸು. ಈವ್ ಹಣ್ಣು ತಿಂದದ್ದರಿಂದ, ಪಂಡೋರ ಮುಚ್ಚಳ ತೆಗೆದದ್ದರಿಂದ ಲೋಕಕ್ಕೆ ಕೇಡು ಬಂತು ಎಂಬ ಕಥೆಗಳು ಕನ್ನಡದ ಮಕ್ಕಳಿಗೂ ಗೊತ್ತು. ಸಾವನ್ನು ತರಲಾರೆ ಎಂದು ಹಟ ಹಿಡಿದ ಈ ಹೆಂಗಸಿನ ಕಥೆ ಅವರ ಅಜ್ಜಂದಿರಿಗೂ ಗೊತ್ತಿಲ್ಲ.

ಬ್ರಹ್ಮ ಕೊನೆಗೆ ಒಂದು ದಾರಿ ಹುಡುಕಿದ. ನಿನ್ನ ಈ ಕಣ್ಣೀರ ಹನಿಗಳೇ ರೋಗಗಳಾಗಿ ಜನರನ್ನು ಒಯ್ಯುತ್ತವೆ, ನಿನಗೆ ಅಧರ್ಮ ತಟ್ಟುವುದಿಲ್ಲ ಎಂದ. ಅಷ್ಟಾದರೂ ಅವಳು ಆಗಲಿ ಎಂದದ್ದು ಅವನು ಶಾಪ ಕೊಟ್ಟಾನೆಂದು ಹೆದರಿ ಎಂದು ಮಹಾಭಾರತ ಸ್ಪಷ್ಟವಾಗಿ ಹೇಳುತ್ತದೆ. ಎಳೆಯರನ್ನು ಒಯ್ಯುವುದು ಹೇಗೆ ನ್ಯಾಯ ಎಂದು ಅವಳು ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ.